ವಾರ್‌ಬಾನೆಟ್ ಬಣ್ಣ: ಮಾದರಿ ಇಂಜಿನ್‌ಗೆ ನೀವೇ ಬಳಿಯುವುದು ಹೇಗೆ?

ಹಳೆಯ ಅಮೆರಿಕನ್ ರೈಲು ಕಂಪನಿಗಳ ಬಣ್ಣ ಹೊತ್ತ ಮಾದರಿ ಇಂಜಿನ್‌ಗಳನ್ನು ತಯಾರಕರು ಸಾಮಾನ್ಯವಾಗಿ ಸೀಮಿತ ಸಂಖ್ಯೆಯಲ್ಲಿ, ಮುಂಗಡ ಬುಕಿಂಗ್ ನೋಡಿಕೊಂಡು ಮಾಡುತ್ತಾರೆ. ಆ ಕಂತು ಮುಗಿಯಿತೆಂದರೆ ಮರುಮಾರಾಟಗಾರ ಹೇಳಿದ್ದೇ ಬೆಲೆ. ಅದಕ್ಕಿಂತ ಬಣ್ಣ ಹಾಕದ ಮಾದರಿ ಕೊಂಡು ನಾವೇ ಬಳಿಯುವುದು ಒಳ್ಳೆಯದು. ತೊಂದರೆ ಏನೆಂದರೆ, ಎಲ್ಲ ಚೆನ್ನಾಗಿ ಮಾಡಿದವರೂ ಕೊನೆಗೆ ಮರೆಗೆಂದು ಅಂಟಿಸಿದ ಟೇಪು ಕಿತ್ತಾಗ ಎರಡು ಬಣ್ಣ ಕೂಡುವ ಗೆರೆ ಗರಗಸದ ಹಲ್ಲಿನಂತೆ ಎದ್ದದ್ದನ್ನು ಕಂಡು ಕೈಚೆಲ್ಲುತ್ತಾರೆ. ಈ ಲೇಖನ ಮುಖ್ಯವಾಗಿ ಆ ಗೆರೆಯ ಬಗ್ಗೆ. ಉದಾಹರಣೆಗೆ ಸಾಂಟಾ ಫೆ ರೈಲು ಕಂಪನಿಯ, ಮೂತಿ ಕೆಂಪು ಮೈ ಬೆಳ್ಳಿ ಇರುವ ‘ವಾರ್‌ಬಾನೆಟ್’ (ಅಮೆರಿಕದ ಮೂಲನಿವಾಸಿಗಳ ಗರಿಯ ಕಿರೀಟ) ವಿನ್ಯಾಸವನ್ನೇ ತೆಗೆದುಕೊಳ್ಳೋಣ. 1937ರಲ್ಲಿ ಸೂಪರ್ ಚೀಫ್ ರೈಲಿನ ಡೀಸೆಲ್ ಇಂಜಿನ್‌ಗಳಿಗಾಗಿ ಜನರಲ್ ಮೋಟರ್ಸ್‌ನ ಕಲಾವಿದ ಲೀಲಂಡ್ ನಿಕರ್‌ಬಾಕರ್ ರೂಪಿಸಿದ್ದು ಇದು.

1. ಮೊದಲು ವರ್ಷ, ಆಮೇಲೆ ಬಣ್ಣ. ಯಾವ ಇಂಜಿನ್, ಯಾವ ಇಸವಿ ಎಂದು ನಿರ್ಧರಿಸದೆ ಬಣ್ಣದ ಬಾಟಲಿ ತೆರೆಯಬೇಡಿ. ಉದಾಹರಣೆಗೆ, ವಾರ್‌ಬಾನೆಟ್ ತೊಟ್ಟಿದ್ದ ಎಫ್7 ಡೀಸೆಲ್ ಇಂಜಿನ್‌ಗಳು ತಯಾರಾದದ್ದು 1949ರಿಂದ 1953ರವರೆಗೆ. ವಾರ್‌ಬಾನೆಟ್ ಪ್ರಯಾಣಿಕ ರೈಲುಗಳ ಉಡುಗೆ. ಸರಕು ಎಳೆಯುವವಕ್ಕೆ ನೀಲಿ–ಹಳದಿ. 1971ರಲ್ಲಿ ಪ್ರಯಾಣಿಕ ರೈಲುಗಳು ಅಮೆರಿಕದ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರ್ಯಾಕ್ ಕೈಗೆ ಹೋದ ಮೇಲೆ ಎಷ್ಟೋ ಇಂಜಿನ್‌ಗಳ ಮೂತಿಯ ಕೆಂಪು ಹೋಗಿ ಹಳದಿ ಬಂತು. ತಯಾರಕರೂ ಇಲ್ಲಿ ಎಡವುತ್ತಾರೆ: ಒಂದು ಇಂಜಿನ್ ಯಾವತ್ತೂ ತೊಡದ ಬಣ್ಣವನ್ನು ಅದಕ್ಕೆ ಬಳಿದು ‘ಐತಿಹಾಸಿಕ’ ಎಂದು ಮಾರುತ್ತಾರೆ. ಅಸಲಿ ಇಂಜಿನ್ನಿನ ಫೋಟೊ, ತಾರೀಖಿನ ಸಮೇತ, ಮೇಜಿನ ಮೇಲೆ ಇರಲಿ.

2. ಬಿಚ್ಚಿ, ತೊಳೆದು, ಒಣಗಿಸಿ. ಮೇಲ್ಕವಚ ಮಾತ್ರ ಸಾಕು. ತೊಳೆದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

3. ಪ್ರೈಮರ್. ತೆಳು ಬೂದು ಪದರ, ಒಂದೇ. ಮೂತಿಯ ಮೇಲೆ ಮಾತ್ರ ಇನ್ನೊಂದು ಬಿಳಿ ಪದರ ಕೊಡಿ. ಬೂದಿನ ಮೇಲೆ ಬಿದ್ದ ಕೆಂಪು ಮಂಕಾಗುತ್ತದೆ.

4. ಕೆಂಪು. ‘ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ’ ಎಂಬುದು ರೂಢಿ. ಇಲ್ಲಿ ಅದನ್ನು ಬದಿಗಿಡಿ. ಬೆಳ್ಳಿ ಬಣ್ಣದ ಮೇಲ್ಮೈ ಬಲು ಸೂಕ್ಷ್ಮ, ಅದರ ಮೇಲೆ ಟೇಪು ಅಂಟಿಸಿದರೆ ಕಲೆ ಉಳಿಯುತ್ತದೆ. ಕೆಂಪಿನ ಮೇಲೆ ಬೆಳ್ಳಿ ಸಲೀಸಾಗಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಕೆಂಪೇ ಮೊದಲು, ಗೆರೆಯ ಆಚೆಗೂ ಸ್ವಲ್ಪ ಹರಡುವಂತೆ. ಏರ್‌ಬ್ರಷ್‌ನ (ಗಾಳಿಯಿಂದ ಬಣ್ಣ ಊದುವ ಸಣ್ಣ ಸಾಧನ) ಒತ್ತಡ 15ರಿಂದ 20 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಮಾನವೇ). ಹಳೆಯ ಕೈಪಿಡಿಗಳು ಫ್ಲೊಕ್ವಿಲ್ ಬಣ್ಣ ಬಳಸಲು ಹೇಳುತ್ತವೆ. ಅದರ ತಯಾರಿಕೆ 2013ರಲ್ಲೇ ನಿಂತಿದೆ. ಎಲ್ಲೋ ಉಳಿದ ಹಳೆಯ ಬಾಟಲಿಗೆ ದುಡ್ಡು ಸುರಿಯಬೇಡಿ, ನೀರಿನಲ್ಲಿ ಕರಗುವ ಅಕ್ರಿಲಿಕ್ ಸಾಕು. ಚೆನ್ನಾಗಿ ಒಣಗಲು ಬಿಡಿ. ಉಗುರು ಒತ್ತಿದರೆ ಗುರುತು ಬೀಳುವ ಬಣ್ಣದ ಮೇಲೆ ಟೇಪು ಹಾಕಿದರೆ ಬಣ್ಣವೇ ಎದ್ದು ಬರುತ್ತದೆ.

5. ಗೆರೆ. ಮಾದರಿ ರೈಲುಗಳ ಎಚ್‌ಒ ಅಳತೆಯೆಂದರೆ ಅಸಲಿಯ 87ನೇ ಒಂದು ಪಾಲು. ಬಣ್ಣದ ಅಂಚು ಬರೀ 0.1 ಮಿಮೀ ಉಬ್ಬಿದರೂ ಅಸಲಿ ಇಂಜಿನ್ ಮೇಲೆ ಅದು 8.7 ಮಿಮೀ ದಪ್ಪದ ದಿಣ್ಣೆ! ಅದಕ್ಕೇ ಇಷ್ಟು ಎಚ್ಚರಿಕೆ.

ಗೋಡೆಗೆ ಬಣ್ಣ ಬಳಿಯುವವರ ಟೇಪು ಖಂಡಿತ ಬೇಡ. ಅದರ ಅಂಚು ಒರಟು, ಅಂಟು ಹೆಚ್ಚು. ಟಾಮಿಯಾ ಕಂಪನಿಯದರಂಥ, ಮಾದರಿ ಮಾಡುವವರಿಗೆಂದೇ ಇರುವ ಟೇಪನ್ನೂ ನೇರವಾಗಿ ಅಂಟಿಸಬೇಡಿ. ಗಾಜಿನ ಹಲಗೆಯ ಮೇಲೆ ಹಾಸಿ, ಹೊಸ ಬ್ಲೇಡಿನಿಂದ ಒಂದೆರಡು ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಸೀಳಿ. ಅಗಲದ ಟೇಪು ಮೂತಿಯ ಬಾಗಿನಲ್ಲಿ ಸುಕ್ಕುಗಟ್ಟುತ್ತದೆ, ಕಿರಿದಾದದ್ದು ಬಾಗುತ್ತದೆ. ಮೂತಿಯಿಂದ ಪಕ್ಕಕ್ಕೆ ಹರಿಯುವ ಬಾಗುಗೆರೆಯನ್ನು ಮೊದಲು ಪೆನ್ಸಿಲ್‌ನಲ್ಲಿ ಸಣ್ಣಗೆ ಗುರುತಿಸಿ, ಕೆಂಪು ಉಳಿಯಬೇಕಾದ ಕಡೆಗೆ ಪಟ್ಟಿ ಅಂಟಿಸುತ್ತ ಬನ್ನಿ. ಎರಡೂ ಪಕ್ಕ ಸಮವಾಗಿವೆಯೇ ಎಂದು ಮುಂದಿನಿಂದ ನೋಡಿ. ಬಾಗಿಲ ಸಂದು, ರಿವೆಟ್, ಹಿಡಿಕೆಯ ಬುಡ, ಇಲ್ಲೆಲ್ಲ ಟೂತ್‌ಪಿಕ್‌ನಿಂದ ಒತ್ತಿ. ಅಂಚಿನಿಂದ ದೂರದ, ಕೆಂಪು ಉಳಿಯಬೇಕಾದ ಉಳಿದ ಭಾಗಕ್ಕೆ ಅಂಟು ಕಡಿಮೆಯ ಯಾವ ಟೇಪಾದರೂ ನಡೆದೀತು.

ಬಹುಪಾಲು ಜನ ಬಿಟ್ಟುಬಿಡುವ ಹೆಜ್ಜೆ ಇದು: ಬೆಳ್ಳಿ ಹಾಕುವ ಮುನ್ನ ಟೇಪಿನ ಅಂಚಿಗೆ ಅದೇ ಕೆಂಪನ್ನು ಇನ್ನೊಮ್ಮೆ ತೆಳುವಾಗಿ ಊದಿ. ಟೇಪಿನಡಿ ನುಸುಳುವುದೇನಿದ್ದರೂ ಕೆಂಪೇ ನುಸುಳಲಿ. ಕೆಂಪಿನ ಮೇಲೆ ಕೆಂಪು ಕಾಣುವುದಿಲ್ಲ, ಸಂದೂ ಮುಚ್ಚುತ್ತದೆ. ಅದು ಒಣಗಿದ ಮೇಲೆ ಬೆಳ್ಳಿ. ಟೇಪಿನ ಕಡೆಯಿಂದ ಹೊರಕ್ಕೆ ಊದಿ, ಅಂಚಿಗೆ ಎದುರಾಗಿ ಎಂದೂ ಬೇಡ. ದಪ್ಪಗೆ ಒಂದು ಸಲಕ್ಕಿಂತ ತೆಳ್ಳಗೆ ನಾಲ್ಕು ಸಲ. ಕನ್ನಡಿಯಂತೆ ಹೊಳೆಯುವ ಕ್ರೋಮ್ ಬಣ್ಣ ಆಸೆ ಹುಟ್ಟಿಸುತ್ತದೆ, ಆದರೆ ಈ ಅಳತೆಯಲ್ಲಿ ಅದು ಆಟಿಕೆಯಂತೆ ಕಾಣುತ್ತದೆ. ಸಾದಾ ಅಲ್ಯೂಮಿನಿಯಂ ಬಣ್ಣವೇ ಸರಿ.

ಮುಟ್ಟಿದರೆ ಅಂಟದಷ್ಟು ಒಣಗಿತೋ, ಟೇಪು ಕೀಳಿ. ಮರುದಿನಕ್ಕೆ ಬಿಟ್ಟರೆ ಅಂಚು ಚಕ್ಕೆ ಏಳಬಹುದು. ಮೇಲಕ್ಕೆ ಎಳೆಯದೆ, ಟೇಪನ್ನು ತನ್ನ ಮೇಲೇ ಮಡಚಿದಂತೆ ಹಿಂದಕ್ಕೆ, ನಿಧಾನವಾಗಿ.

6. ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರಪೊರೆ. ಕೆಂಪು–ಬೆಳ್ಳಿ ಕೂಡುವಲ್ಲಿ ಹಳದಿ–ಕಪ್ಪು ಪಟ್ಟಿ ಬರುವುದರಿಂದ ಸಣ್ಣಪುಟ್ಟ ಸೊಟ್ಟು ಮುಚ್ಚಿಹೋಗುತ್ತದೆ. ದಿಣ್ಣೆ ಮಾತ್ರ ಮುಚ್ಚುವುದಿಲ್ಲ. ಮೊದಲು ಹೊಳಪಿನ ವಾರ್ನಿಷ್ ಬೇಕೇಬೇಕು. ಒರಟು ಮೇಲ್ಮೈಯಲ್ಲಿ ಡೆಕಾಲಿನಡಿ ಗಾಳಿ ಸಿಕ್ಕಿ ಬಿಳಿಚಿಕೊಳ್ಳುತ್ತದೆ. ಅಡಿಗೆ ಡೆಕಾಲ್ ಹಿಡಿಸುವ ಮೈಕ್ರೊ ಸೆಟ್ ದ್ರಾವಣ, ಮೇಲೆ ಅದನ್ನು ಮೆದುಮಾಡುವ ಮೈಕ್ರೊ ಸಾಲ್. ಸಾಲ್ ತಾಗಿದೊಡನೆ ಡೆಕಾಲ್ ಸುಕ್ಕಾಗುತ್ತದೆ. ಗಾಬರಿಯಾಗಿ ಬೆರಳಿಟ್ಟರೆ ಹರಿದೇಹೋಗುತ್ತದೆ, ಬಿಟ್ಟರೆ ತಾನೇ ಮೈಗಂಟುತ್ತದೆ. ಮೂತಿಯ ನಡುವಿನಿಂದ ಶುರುಮಾಡಿ ಎರಡೂ ಪಕ್ಕಕ್ಕೆ ಸಾಗಿ.

7. ಮುಗಿಸುವುದು. ಅರೆಹೊಳಪಿನ ವಾರ್ನಿಷ್ ಒಂದು ಕೈ. ಕಿಟಕಿಯ ಗಾಜು ಕೂರಿಸುವುದು ಇದೆಲ್ಲ ಒಣಗಿದ ಮೇಲೆ. ಮೊದಲೇ ಕೂರಿಸಿದರೆ ವಾರ್ನಿಷ್ ತಾಗಿ ಮಬ್ಬಾಗುತ್ತದೆ.