ಮನೆಯ ಕೆಲಸದ ಮೇಜಿನ ಮೇಲೆ ಚಿಪ್‌ಗಳನ್ನು ಸ್ಥಿರ ವಿದ್ಯುತ್ತಿನಿಂದ ಕಾಪಾಡುವುದು

ಬಾಗಿಲಿನ ಹಿಡಿಯನ್ನು ಮುಟ್ಟಿದಾಗ ಬೆರಳಿಗೆ ಚುರುಕ್ಕೆಂದರೆ, ಆ ಗಳಿಗೆಯಲ್ಲಿ ನಮ್ಮ ಮೈಮೇಲೆ ಕನಿಷ್ಠ ಸುಮಾರು 3,000 ವೋಲ್ಟ್ ಸ್ಥಿರ ವಿದ್ಯುತ್ ಇತ್ತೆಂದು ಅರ್ಥ. ಅದಕ್ಕಿಂತ ಕಡಿಮೆ ಇದ್ದರೆ ನಮಗೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಆದರೆ ಎಷ್ಟೋ ಮಾಸ್ಫೆಟ್‌ಗಳ (ಒಂದು ಬಗೆಯ ಟ್ರಾನ್ಸಿಸ್ಟರ್) ಗೇಟಿಗೆ, ಅಂದರೆ ಅವನ್ನು ನಿಯಂತ್ರಿಸುವ ತುದಿಗೆ, ಹಾಕಿರುವ ಮಿತಿ 20 ವೋಲ್ಟ್; ನ್ಯಾನೋಮೀಟರ್‌ಗಳಲ್ಲಿ ಅಳೆಯಬೇಕಾದಷ್ಟು ತೆಳುವಾದ ಗೇಟಿನ ಕೆಳಗಿನ ನಿರೋಧಕ ಆಕ್ಸೈಡ್ ಪದರ ನಮ್ಮ ಅರಿವಿಗೆ ಬಾರದ ಕಿಡಿಗೂ ತೂತಾಗಬಹುದು. ಚಿಪ್ ಆಗಲೇ ಸತ್ತರೆ ಕಾರಣವನ್ನಾದರೂ ಹುಡುಕುತ್ತೇವೆ. ಅರೆಪೆಟ್ಟು ತಿಂದು ಕೆಲವು ವಾರ ಓಡಿ, ಆಮೇಲೆ ಆಗೊಮ್ಮೆ ಈಗೊಮ್ಮೆ ಕೈಕೊಡುವ ಚಿಪ್ ನಿಜವಾದ ತಲೆನೋವು, ಏಕೆಂದರೆ ಆಗ ನಾವು ತಪ್ಪನ್ನು ಬೆಸುಗೆಯಲ್ಲೋ ಪ್ರೋಗ್ರಾಮಿನಲ್ಲೋ ಹುಡುಕುತ್ತಾ ದಿನಗಳನ್ನು ಕಳೆಯುತ್ತೇವೆ.

ನೀವು, ಮೇಜಿನ ಹಾಸು, ಬೋರ್ಡು ಮತ್ತು ಉಪಕರಣಗಳು ಒಂದೇ ವಿಭವದಲ್ಲಿದ್ದರೆ (ವೋಲ್ಟೇಜ್ ಮಟ್ಟದಲ್ಲಿದ್ದರೆ) ಅವುಗಳ ನಡುವೆ ಕಿಡಿ ಹಾರುವುದಿಲ್ಲ. ಆದ್ದರಿಂದ ಸ್ಥಿರ ವಿದ್ಯುತ್ತನ್ನು ನಿಧಾನವಾಗಿ ಹರಿಯಬಿಡುವ ರಬ್ಬರ್ ಹಾಸನ್ನು ಮೇಜಿನ ಮೇಲೆ ಹಾಸಿ, ಹಾಸಿನ ತಂತಿಯನ್ನೂ ಮೈಮೇಲಿನ ವಿದ್ಯುತ್ತನ್ನು ಹರಿಯಬಿಡಲು ಕಟ್ಟಿಕೊಳ್ಳುವ ಮಣಿಕಟ್ಟಿನ ಪಟ್ಟಿಯ ತಂತಿಯನ್ನೂ ಒಂದೇ ಬಿಂದುವಿಗೆ ಸೇರಿಸಿ, ಅಲ್ಲಿಂದ ಅರ್ಥಿಂಗ್‌ಗೆ ಜೋಡಿಸಿ. ಹಾಸಿನ ಬದಲು ಲೋಹದ ತಗಡನ್ನು ಹಾಕಬೇಡಿ. ಚಿಪ್‌ಗಳನ್ನು ತುಂಬಿಡುವ ಪ್ಲಾಸ್ಟಿಕ್ ಕೊಳವೆಯಿಂದ ಜಾರಿ ಬಂದ ಚಿಪ್ ತಾನೇ ವಿದ್ಯುದಾವೇಶ ಹೊತ್ತಿರಬಹುದು, ತಗಡಿಗೆ ತಗುಲಿದೊಡನೆ ಅದೆಲ್ಲ ಒಂದೇ ಏಟಿಗೆ ಹರಿದು ಚಿಪ್ಪನ್ನು ಸುಡಬಲ್ಲದು. ಸಾಕೆಟ್ಟಿನ ಅರ್ಥಿಂಗ್ ಸರಿಯಾಗಿದೆಯೇ ಎಂಬುದನ್ನು ಮೊದಲೇ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿಕೊಳ್ಳಿ. ಅರ್ಥಿಂಗ್ ಇಲ್ಲದ ಕಡೆಯೂ ಪಟ್ಟಿ, ಹಾಸು ಮತ್ತು ಉಪಕರಣದ ಲೋಹದ ಚೌಕಟ್ಟನ್ನು ಪರಸ್ಪರ ಜೋಡಿಸಿಕೊಂಡರೆ ರಕ್ಷಣೆಯ ಬಹುಪಾಲು ಸಿಗುತ್ತದೆ.

ಮಣಿಕಟ್ಟಿನ ಪಟ್ಟಿಯ ವಿಷಯದಲ್ಲಿ ಸ್ವಲ್ಪವೂ ರಾಜಿ ಬೇಡ. ಅದರ ತಂತಿಯೊಳಗೆ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಅಕಸ್ಮಾತ್ 230 ವೋಲ್ಟ್ ಇರುವ ತಂತಿಗೆ ಕೈ ತಗುಲಿದರೂ ಪಟ್ಟಿಯ ಮೂಲಕ ಹರಿಯುವ ಕರೆಂಟು ಕಾಲು ಮಿಲಿಆಂಪಿಯರ್‌ಗಿಂತ ಕಡಿಮೆ ಇರುವಂತೆ ಅದು ತಡೆಯುತ್ತದೆ. ಹೀಗಾಗಿ ಬರೀ ತಂತಿಯನ್ನು ಕೈಗೆ ಸುತ್ತಿಕೊಂಡು ಅರ್ಥಿಂಗ್‌ಗೆ ಸೇರಿಸುವುದು ಪ್ರಾಣಾಪಾಯದ ಕೆಲಸ. ಮಲ್ಟಿಮೀಟರ್‌ನ ಒಂದು ಮೊನೆಯನ್ನು ಪಟ್ಟಿಯ ಒಳಮೈಯ ಲೋಹಕ್ಕೂ ಇನ್ನೊಂದನ್ನು ತಂತಿಯ ತುದಿಯ ಕ್ಲಿಪ್ಪಿಗೂ ಹಿಡಿದು ನೋಡಿ: ಸುಮಾರು 1 ಮೆಗಾಓಮ್ ತೋರಬೇಕು. ಏನೂ ತೋರದಿದ್ದರೆ ತಂತಿ ಒಳಗೇ ತುಂಡಾಗಿದೆ, ಸೊನ್ನೆ ತೋರಿದರೆ ರೆಸಿಸ್ಟರ್ ಇಲ್ಲ; ಎರಡನ್ನೂ ಬಳಸಬಾರದು. ಪಟ್ಟಿ ಬರಿಯ ಚರ್ಮಕ್ಕೆ ಬಿಗಿಯಾಗಿ ತಾಗಬೇಕು, ಅಂಗಿಯ ತೋಳಿನ ಮೇಲೆ ಕಟ್ಟಿದರೆ ಪ್ರಯೋಜನವಿಲ್ಲ. ತಂತಿಯೇ ಇಲ್ಲದ ಪಟ್ಟಿಗಳು ಕೆಲಸ ಮಾಡುವುದಿಲ್ಲ, ಏಕೆಂದರೆ ವಿದ್ಯುದಾವೇಶ ಹರಿದುಹೋಗಲು ಅವುಗಳಲ್ಲಿ ದಾರಿಯೇ ಇಲ್ಲ. ಕರೆಂಟು ಹರಿಯುತ್ತಿರುವ ಹೆಚ್ಚು ವೋಲ್ಟೇಜಿನ ಸರ್ಕೀಟನ್ನು ಮುಟ್ಟುವ ಮೊದಲು ಮಾತ್ರ ಪಟ್ಟಿಯನ್ನು ಬಿಚ್ಚಿಡಿ.

ಅರ್ಥಿಂಗ್‌ನಿಂದ ಬಗೆಹರಿಯದ ಒಂದು ತೊಂದರೆಯೂ ಇದೆ. ಸೆಲ್ಲೋ ಟೇಪಿನ ಉದ್ದನೆಯ ತುಂಡೊಂದನ್ನು ಸರ್ರನೆ ಎಳೆದು ಟಿಶ್ಯೂ ಕಾಗದದ ಚೂರಿನ ಹತ್ತಿರ ಹಿಡಿದರೆ ಚೂರು ತಾನಾಗಿ ಎದ್ದು ಟೇಪಿಗೆ ಅಂಟಿಕೊಳ್ಳುತ್ತದೆ. ಟೇಪು, ಥರ್ಮಾಕೋಲ್, ಪ್ಲಾಸ್ಟಿಕ್ ಲೋಟ, ಸಾದಾ ಪ್ಲಾಸ್ಟಿಕ್ ಚೀಲ ಇವೆಲ್ಲ ವಿದ್ಯುತ್ ನಿರೋಧಕಗಳಾದ್ದರಿಂದ ಹಾಸಿನ ಮೇಲಿಟ್ಟರೂ ಅವುಗಳ ಆವೇಶ ಇಳಿದುಹೋಗುವುದಿಲ್ಲ. ಬಿಚ್ಚಿಟ್ಟ ಬೋರ್ಡಿನಿಂದ ಅವನ್ನು ಕನಿಷ್ಠ 30 ಸೆಂಟಿಮೀಟರ್ ದೂರವಿಡಿ. ಮೇಜಿನಿಂದಲೇ ತೆಗೆದುಬಿಟ್ಟರೆ ಇನ್ನೂ ಮೇಲು.

ಚಿಪ್ಪು, ಬೋರ್ಡುಗಳನ್ನು ಹಾಕಿಡುವ ಚೀಲಗಳಲ್ಲೂ ವ್ಯತ್ಯಾಸವಿದೆ. ಗುಲಾಬಿ ಬಣ್ಣದ ಚೀಲ ತಾನು ಆವೇಶವನ್ನು ಹುಟ್ಟಿಸುವುದಿಲ್ಲ ಅಷ್ಟೇ, ಹೊರಗಿನ ಕಿಡಿಯನ್ನು ತಡೆಯುವುದಿಲ್ಲ. ಬೆಳ್ಳಿ ಬಣ್ಣದ ಲೋಹಲೇಪಿತ ಚೀಲ ಬಾಯಿ ಮುಚ್ಚಿದ್ದರೆ ಒಳಗಿರುವುದನ್ನು ಕಾಯುತ್ತದೆ. ಬೋರ್ಡನ್ನು ಅದರ ಮೇಲಿಟ್ಟು ಕೆಲಸ ಮಾಡುವ ಅಭ್ಯಾಸ ಬಹಳ ಜನರಿಗಿದೆ, ಆದರೆ ರಕ್ಷಣೆ ಇರುವುದು ಚೀಲದ ಒಳಗೆ.

ಗಾಳಿಯ ತೇವಾಂಶ ಶೇ. 40ರಿಂದ 60ರಷ್ಟಿದ್ದರೆ ಒಳ್ಳೆಯದು, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಸೋಲ್ಡರಿಂಗ್ ಐರನ್ ಮೂರು ಪಿನ್ನಿನ ಪ್ಲಗ್ ಉಳ್ಳದ್ದಾಗಿದ್ದು, ಅದರ ತುದಿ ಅರ್ಥಿಂಗ್‌ಗೆ ಸೇರಿರಲಿ.

ಕೆಲಸಕ್ಕೆ ಕುಳಿತಾಗ ಮೊದಲು ಪಟ್ಟಿ ಕಟ್ಟಿಕೊಳ್ಳಿ, ಚೀಲವನ್ನು ಮುಚ್ಚಿದಂತೆಯೇ ಹಾಸಿನ ಮೇಲೆ ಒಂದೆರಡು ಕ್ಷಣ ಇಡಿ, ಅನಂತರ ಬಾಯಿ ಬಿಚ್ಚಿ ಬೋರ್ಡನ್ನು ಅಂಚುಗಳಲ್ಲಿ ಹಿಡಿದು ಹೊರತೆಗೆಯಿರಿ. ನಡುವೆ ಎದ್ದು ಹೋಗಬೇಕಾದರೆ ಬೋರ್ಡನ್ನು ಚೀಲದೊಳಗಿಟ್ಟ ಮೇಲೆಯೇ ಪಟ್ಟಿಯನ್ನು ಬಿಚ್ಚಿ.