ಹತ್ತಿ ಬೀಜದ ಹೊಲದ ಮಕ್ಕಳು: ಮುಖ ತೋರಿಸದೆ ಸಾಕ್ಷ್ಯಚಿತ್ರ ಮಾಡಿದ ಬಗೆ

ಕೊಪ್ಪಳ, ರಾಯಚೂರು, ಹಾವೇರಿ ಕಡೆ ಸೀಡ್ಸ್ ಪ್ಲಾಟ್ ಅಂದರೆ ಹೈಬ್ರಿಡ್ ಬೀಜ ತಯಾರಾಗುವ ಹೊಲ. ಹತ್ತಿಯಲ್ಲಿ ಈ ಕೆಲಸವೆಲ್ಲ ಕೈಯಿಂದಲೇ ಆಗಬೇಕು. ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಹಿಡಿದು, ಹೆಬ್ಬೆರಳಿನ ಉಗುರಿನಿಂದ ಎಸಳನ್ನೂ ಕೇಸರವನ್ನೂ ಬಿಡಿಸಿ ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಗಂಡು ತಳಿಯ ಗಿಡದ ಹೂವು ತಂದು ಪರಾಗ ಒರೆಸುತ್ತಾರೆ. ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಹೂ ಬಿಡುವ ಎರಡು ಮೂರು ತಿಂಗಳು ಒಂದು ದಿನವೂ ತಪ್ಪಿಸುವಂತಿಲ್ಲ, ಏಕೆಂದರೆ ಬಿಟ್ಟುಹೋದ ಹೂವು ತನ್ನ ಪರಾಗದಿಂದಲೇ ಕಾಯಿಕಟ್ಟಿ ಬೀಜದ ಶುದ್ಧತೆ ಕೆಡುತ್ತದೆ. ಈ ಕೆಲಸಕ್ಕೆ ಮಕ್ಕಳನ್ನು ಹಚ್ಚುತ್ತಾರೆ, ಅವರ ಶಾಲೆ ತಪ್ಪುವುದೂ ಇದೇ ತಿಂಗಳುಗಳಲ್ಲಿ. ಸಣ್ಣ ಬೆರಳಿಗೆ ಈ ಕೆಲಸ ಚೆನ್ನಾಗಿ ಒಗ್ಗುತ್ತದೆ ಎಂದು ಕಾರಣ ಹೇಳುತ್ತಾರೆ. ಈ ಮಕ್ಕಳ ಸಾಕ್ಷ್ಯಚಿತ್ರ ಮಾಡಿದ ನಾವು ಅದನ್ನು ಒಪ್ಪುವುದಿಲ್ಲ. ಮಕ್ಕಳಿಗೆ ಕೂಲಿ ಕಡಿಮೆ, ಅವರು ಎದುರು ಮಾತಾಡುವುದಿಲ್ಲ, ಮನೆಯವರಿಗೆ ಮುಂಗಡ ಕೊಟ್ಟರೆ ಹಂಗಾಮು ಮುಗಿಯುವ ತನಕ ಬಿಟ್ಟುಹೋಗುವುದಿಲ್ಲ. ಚಿತ್ರದಲ್ಲಿ ತೋರಿಸಬೇಕಾದದ್ದು ಈ ಲೆಕ್ಕಾಚಾರ. ಅದಕ್ಕೆ ಮಗುವಿನ ಮುಖ ಬೇಕಾಗಿಯೇ ಇಲ್ಲ.

ಕಾನೂನಿನ ಮಾತೂ ಅದೇ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಪಾಲನೆ, ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಹತ್ತುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಕಾನೂನು ಮೀರಿ ದುಡಿಸಿಕೊಳ್ಳುತ್ತಿರುವ ಮಗು ಈ ವ್ಯಾಖ್ಯೆಯೊಳಗೇ ಬರುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ತಂದೆತಾಯಿ ಸಹಿ ಹಾಕಿಕೊಟ್ಟರೆ ಮುಖ ತೋರಿಸಬಹುದು ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ಇಂಥ ಮಗುವಿನ ವಿಷಯದಲ್ಲಿ ಅನುಮತಿ ಕೊಡುವ ಅಧಿಕಾರ ಮಕ್ಕಳ ಕಲ್ಯಾಣ ಸಮಿತಿಯದು. ಅದೂ ಮಗುವಿನ ಹಿತಕ್ಕಾಗಿ, ಕಾರಣವನ್ನು ಬರೆದಿಟ್ಟು. ಮುಂಗಡ ತೆಗೆದುಕೊಂಡವರೇ ಸಹಿ ಹಾಕುವವರೂ ಆಗಿರುತ್ತಾರೆ ಎಂಬುದನ್ನು ಮರೆಯಬಾರದು.

ಕ್ಯಾಮೆರಾ ಹೊರಗೆ ತೆಗೆಯುವ ಮುಂಚೆ ವಯಸ್ಸು ಖಚಿತವಾಗಬೇಕು. 14 ತುಂಬದವರನ್ನು ದುಡಿಸಿಕೊಳ್ಳುವುದು ನಿಷಿದ್ಧ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲಿ ಸ್ವಂತ ಕುಟುಂಬದ ಕೆಲಸಕ್ಕೆ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ವಿನಾಯಿತಿ ಉಳಿಸಿದ್ದಾರೆ. ಹೊಲದಲ್ಲಿ ಕೇಳಿದರೆ ಎಲ್ಲ ಮಕ್ಕಳೂ ‘ನಮ್ಮ ಅಣ್ಣನ ಮಕ್ಕಳು’ ಆಗಿಬಿಡುವುದು ಇದರಿಂದಲೇ. 14 ದಾಟಿದವರ ವಿಷಯ ಬೇರೆ. ಅವರು ಹೊಲದಲ್ಲಿ ಕೂಲಿ ಮಾಡಿದ ಮಾತ್ರಕ್ಕೆ ಅಪರಾಧವಾಗುವುದಿಲ್ಲ, ಆದರೆ ಮುಂಗಡ ತೀರಿಸಲು ಕಟ್ಟಿಹಾಕಿದ್ದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅನ್ವಯವಾಗುತ್ತದೆ. ಹೀಗಾಗಿ ನಿರೂಪಣೆಯ ಒಂದೊಂದು ವಾಕ್ಯವೂ ವಯಸ್ಸಿನ ಮೇಲೆ ನಿಂತಿರುತ್ತದೆ. ಆಧಾರ್ ಕಾರ್ಡಿನಲ್ಲಿರುವ ಹುಟ್ಟಿದ ದಿನವನ್ನು ನಾವು ನೆಚ್ಚುವುದಿಲ್ಲ. ಶಾಲೆಯ ದಾಖಲಾತಿ ರಿಜಿಸ್ಟರ್, ಅದಿಲ್ಲದಿದ್ದರೆ ಪಂಚಾಯಿತಿಯ ಜನನ ಪ್ರಮಾಣಪತ್ರ ನೋಡುತ್ತೇವೆ.

ಒಪ್ಪಿಗೆಯನ್ನು ಒಂದೇ ಸಲಕ್ಕೆ ಮುಗಿಸಬಾರದು. ಮೊದಲ ಭೇಟಿಗೆ ಕ್ಯಾಮೆರಾ ಒಯ್ಯುವುದೇ ಬೇಡ. ಎರಡನೆಯ ಸಲ, ಕೂಲಿಯವರನ್ನು ಕರೆತರುವ ಮೇಸ್ತ್ರಿಯಾಗಲಿ ಹೊಲದ ಮಾಲೀಕನಾಗಲಿ ಇಲ್ಲದ ಜಾಗದಲ್ಲಿ, ಮಗುವಿಗೆ ಗೊತ್ತಿರುವ ಅಂಗನವಾಡಿ ಟೀಚರ್ ಅಥವಾ ಶಿಕ್ಷಕಿಯನ್ನು ಕೂರಿಸಿಕೊಂಡು ಮಾತಾಡಬೇಕು. ಫಾರಂ ಓದಿ ಹೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ನಾವು ಕೇಳುವುದು ಇಷ್ಟು: ‘ತಂಗೀ, ನಿಮ್ಮೂರಾಗ ಯಾರರ ಮೊಬೈಲ್‌ನ್ಯಾಗ ಈ ವಿಡಿಯೊ ನೋಡಿದ್ರ ಏನಾಗ್ತೈತಿ ಅನ್ನಸ್ತೈತಿ ನಿನಗ?’ ಉತ್ತರದಲ್ಲಿ ಯಾವ ಹೆದರಿಕೆ ಬಂತೋ ಅದನ್ನು ಬರೆದಿಟ್ಟುಕೊಂಡು, ಏನೇನು ಮರೆಮಾಡಬೇಕು ಎಂಬ ಪಟ್ಟಿ ಮಾಡಿಕೊಳ್ಳುತ್ತೇವೆ. ಮೂರನೆಯ ಒಪ್ಪಿಗೆ ಎಡಿಟ್ ಆದ ಮೇಲೆ, ಆ ಭಾಗವನ್ನು ಅವರಿಗೇ ತೋರಿಸಿ. ಬೇಡ ಎಂದರೆ ತೆಗೆಯಬೇಕು, ಚಿತ್ರ ಸೊರಗಿದರೂ ಸರಿ. ಮಾತಾಡಿದ್ದಕ್ಕೆ ದುಡ್ಡು ಕೊಡುವುದಿಲ್ಲ. ಕೊಟ್ಟರೆ ಸಾಕ್ಷ್ಯದ ಮೇಲೆ ಅನುಮಾನ ಹುಟ್ಟುತ್ತದೆ, ಮನೆಯವರು ಮಗುವನ್ನು ಇನ್ನಷ್ಟು ಮಾತಾಡು ಎಂದು ಮುಂದೆ ತಳ್ಳುತ್ತಾರೆ. ಜೊತೆಗೆ ಬಂದ ದೊಡ್ಡವರಿಗೆ ಆ ದಿನದ ಕೂಲಿ, ಬಸ್ ಚಾರ್ಜು, ಊಟ ಕೊಡುವುದು ನ್ಯಾಯ.

ಮುಖವನ್ನು ಎಡಿಟಿಂಗ್‌ನಲ್ಲಿ ಬ್ಲರ್ ಮಾಡಿದರಾಯಿತು ಎಂದು ಕ್ಯಾಮೆರಾಮನ್ ಹೇಳಿದರೆ ಒಪ್ಪಬೇಡಿ. ಮೊಸಾಯಿಕ್ (ಚೌಕಚೌಕವಾಗಿ ಮಸುಕು ಮಾಡುವುದು) ಹಾಕಿದ ಮುಖವನ್ನು ಮೂಲದ ಹತ್ತಿರಕ್ಕೆ ತರುವ ಸಾಫ್ಟ್‌ವೇರ್‌ಗಳಿವೆ. ಮಗು ತಲೆ ತಿರುಗಿಸಿದಾಗ, ಮುಖದ ಜೊತೆ ಮಸುಕನ್ನು ಸರಿಸುವ ಟ್ರ್ಯಾಕಿಂಗ್ ತಪ್ಪಿ ಒಂದೆರಡು ಫ್ರೇಮ್‌ನಲ್ಲಿ ಮುಖ ಬಯಲಾದರೂ ಸಾಕು, ಸ್ಕ್ರೀನ್‌ಶಾಟ್ ಹೊಡೆಯುವವರಿಗೆ ಅಷ್ಟೇ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮುಖವಿರುವ ರಶಸ್ (ಎಡಿಟ್ ಆಗದ ಮೂಲ ದೃಶ್ಯ) ಹಾರ್ಡ್‌ಡಿಸ್ಕ್‌ನಲ್ಲಿ ಉಳಿದೇ ಇರುತ್ತದೆ. ಮುಖ ಕ್ಯಾಮೆರಾದೊಳಗೇ ಹೋಗಬಾರದು.

ನೆರಳುಚಿತ್ರಕ್ಕೆ ನಮ್ಮ ವ್ಯವಸ್ಥೆ ಹೀಗಿರುತ್ತದೆ. ಹಿಂದೆ ಬೆಳಕಿರುವ ಕಿಟಕಿ ಅಥವಾ ಎಲ್‌ಇಡಿ ಬಿದ್ದ ಬಿಳಿ ಗೋಡೆ. ಗೋಡೆಯಿಂದ ಎರಡು ಮೀಟರ್ ಮುಂದೆ ಮಗು. ಕ್ಯಾಮೆರಾ ಕಡೆಯ ಗೋಡೆಗೂ ನೆಲಕ್ಕೂ ಕಪ್ಪು ಬಟ್ಟೆ. ಸುಣ್ಣದ ಗೋಡೆಯಿಂದ ತಿರುಗಿ ಬರುವ ಬೆಳಕೇ ಮುಖವನ್ನು ಬಿಚ್ಚಿಡುತ್ತದೆ, ಕಪ್ಪು ಬಟ್ಟೆ ಅದನ್ನು ನುಂಗುತ್ತದೆ. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಹಿನ್ನೆಲೆಗೆ ಹೊಂದಿಸಬೇಕು. ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್‌ನಲ್ಲಿ ಹಿನ್ನೆಲೆ 65ರ ಸುತ್ತ ಇದ್ದರೆ ಮುಖ 5ಕ್ಕಿಂತ ಕೆಳಗಿರಬೇಕು. ಲಾಗ್ ಅಥವಾ ರಾ ಎಂಬ ರೆಕಾರ್ಡಿಂಗ್ ಬಗೆಗಳು ಬೇಡ: ಕತ್ತಲಲ್ಲಿ ಅಡಗಿದ ವಿವರವನ್ನು ಎತ್ತಿ ತೋರಿಸುವುದಕ್ಕೇ ಅವು ಇರುವುದು. ಹತ್ತು ಸೆಕೆಂಡಿನ ಪರೀಕ್ಷಾ ಶಾಟ್ ತೆಗೆದು ಲ್ಯಾಪ್‌ಟಾಪ್‌ನಲ್ಲಿ ಷ್ಯಾಡೊ (ಕತ್ತಲ ಭಾಗ) ಪೂರ್ತಿ ಮೇಲೆತ್ತಿ ನೋಡಿ. ಕಣ್ಣು, ಮೂಗು ಕಂಡರೆ ಬೆಳಕನ್ನು ಮತ್ತೆ ಹೊಂದಿಸಿ. ಪಕ್ಕದಿಂದ ಕಾಣುವ ನೆರಳೂ ಮೋಸವೇ, ಮೂಗು ಗಲ್ಲದ ಗೆರೆ ನೋಡಿ ಊರವರು ಹೆಸರು ಹೇಳಿಬಿಡುತ್ತಾರೆ. ಬೆನ್ನ ಹಿಂದಿನಿಂದ, ಸ್ವಲ್ಪ ಓರೆಯಾಗಿ ಇಟ್ಟರೆ ಕ್ಷೇಮ. ಜಡೆಯ ರಿಬ್ಬನ್, ಓಲೆ, ಯೂನಿಫಾರಂ ಬದಲಿಸಬೇಕು.

ಹೊಲದಲ್ಲಿ ಕೈಗಳೇ ಕಥೆ ಹೇಳುತ್ತವೆ. 100 ಎಂಎಂ ಮ್ಯಾಕ್ರೊ, ಎಫ್ 5.6, ಸೆಕೆಂಡಿಗೆ 25 ಫ್ರೇಮ್, ಷಟರ್ 1/50, ಬಿಸಿಲಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್. ಉಗುರಿನ ಸಂದಿಯಲ್ಲಿ ನಿಂತ ಹಸಿರು ರಸ, ಮೊಗ್ಗು ಬಿಡಿಸುವ ವೇಗ ಇವಿಷ್ಟು ಸಿಕ್ಕರೆ ಯಾವ ಅಳುವ ಮುಖಕ್ಕಿಂತಲೂ ಗಟ್ಟಿಯಾದ ಸಾಕ್ಷ್ಯ. ಆದರೆ ಕೈಯಲ್ಲೂ ಗುರುತಿದೆ: ಹಚ್ಚೆ, ಸುಟ್ಟ ಕಲೆ, ಜಾತ್ರೆಯಲ್ಲಿ ಕಟ್ಟಿಸಿಕೊಂಡ ದಾರ. ಹಿನ್ನೆಲೆಯಲ್ಲಿ ಗುಡಿಯ ಗೋಪುರ, ನೀರಿನ ಟ್ಯಾಂಕಿನ ಮೇಲಿನ ಊರಿನ ಹೆಸರು, ಟಂಟಂ ಗಾಡಿಯ ನಂಬರ್ ಇದ್ದರೆ ಫ್ರೇಮ್ ಬದಲಿಸಿ. ಔಷಧ ಹೊಡೆದ ದಿನ ತಂಡ ಹೊಲಕ್ಕೆ ಇಳಿಯಬಾರದು. ಆ ದಿನವೂ ಮಕ್ಕಳನ್ನು ಇಳಿಸಿದ್ದಾರೆಯೇ ಎಂಬುದನ್ನು ದಿನಾಂಕ, ಹೊತ್ತು ಸಮೇತ ದಾಖಲಿಸಿ. ಡ್ರೋನ್ ಬೇಡ. ಒಂದೇ ಶಾಟ್ ಸಾಕು, ಯಾರ ಹೊಲ ಎಂಬುದು ತಿಳಿದುಹೋಗುತ್ತದೆ.

ದನಿಯ ವಿಷಯದಲ್ಲಿ ತಪ್ಪುವವರು ಬಹಳ. ಪಿಚ್ ಮೂರು ಸ್ವರ ಇಳಿಸಿದರೆ ಕೇಳುವವರು ಮೂರು ಸ್ವರ ಏರಿಸಿಕೊಳ್ಳುತ್ತಾರೆ. ಮಾತನ್ನು ನಿಲುಗಡೆ, ತೊದಲು ಸಮೇತ ಬರೆದುಕೊಂಡು ಬೇರೆಯವರಿಂದ ಓದಿಸುವುದೇ ದಾರಿ. ಓದುವವರು 18 ದಾಟಿರಬೇಕು, ಈ ಮಾತುಗಳನ್ನು ಇನ್ನೊಂದು ಮಗುವಿನ ಬಾಯಲ್ಲಿ ಆಡಿಸಬಾರದು. ಅವರದು ಅದೇ ಸೀಮೆಯ ಕನ್ನಡವಾಗಿರಬೇಕು. ಕುಷ್ಟಗಿಯ ಹುಡುಗಿ ಬೆಂಗಳೂರಿನ ಧಾಟಿಯಲ್ಲಿ ಮಾತಾಡಿದರೆ ಆ ಕಡೆಯ ಪ್ರೇಕ್ಷಕರು ಚಿತ್ರವನ್ನೇ ನಂಬುವುದಿಲ್ಲ. ದನಿ ಬೇರೆಯವರದು ಎಂದು ಪರದೆಯ ಮೇಲೆ ಬರೆಯಬೇಕು.

ಸಂದರ್ಶನ ಅರ್ಧ ಗಂಟೆ ದಾಟಬಾರದು. ‘ಏನಾಯ್ತು, ಹೇಗಾಯ್ತು’ ಎಂದು ಕೆದಕುವುದಕ್ಕಿಂತ ‘ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತಿ, ಬುತ್ತಿ ಏನು, ಸಂಜಿಗೆ ಯಾರ ಕರ್ಕೊಂಡು ಹೋಗ್ತಾರ’ ಎಂದು ದಿನಚರಿ ಕೇಳಿದರೆ ದುಡಿಮೆಯ ಗಂಟೆ, ಊಟ, ಸಾಗಾಟ ಎಲ್ಲ ತಾನಾಗಿಯೇ ಬರುತ್ತದೆ. ಕೈ ಎತ್ತಿದರೆ ಕ್ಯಾಮೆರಾ ಆಫ್ ಎಂದು ಮೊದಲೇ ಹೇಳಿ, ಒಮ್ಮೆ ಎತ್ತಿಸಿ ಆಫ್ ಮಾಡಿ ತೋರಿಸಿ, ಆಗ ನಂಬುತ್ತಾರೆ. ಕಾಲರ್ ಮೈಕನ್ನು ಮಗುವೇ ಸಿಕ್ಕಿಸಿಕೊಳ್ಳಲಿ. ಮಾತಿನ ನಡುವೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಚಿತ್ರೀಕರಣ ಅಲ್ಲಿಗೇ ನಿಲ್ಲಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವವರು ಯಾರು, ಮಗುವಿನ ಬಳಿ ಕೂರುವವರು ಯಾರು ಎಂಬುದು ತಂಡ ಹೊರಡುವ ಮುಂಚೆಯೇ ತೀರ್ಮಾನವಾಗಿರಲಿ. ಚಿತ್ರ ಮುಗಿಯುವವರೆಗೆ ಕಾಯುವ ಹಕ್ಕು ನಮಗಿಲ್ಲ.

ಚಿತ್ರದ ಅರ್ಧದಷ್ಟಾದರೂ ದೊಡ್ಡವರ ಮೇಲಿರಬೇಕು. ಬೀಜ ಕಂಪನಿ, ಕಂಪನಿಗೂ ರೈತನಿಗೂ ನಡುವಿನ ಆರ್ಗನೈಜರ್, ರೈತ, ಮೇಸ್ತ್ರಿ ಎಂಬ ಸರಪಳಿಯನ್ನು ಕಾಗದಗಳಿಂದ ಕಟ್ಟಬಹುದು. ಬಿಟಿ ಹತ್ತಿ ಬೀಜದ ಗರಿಷ್ಠ ಮಾರಾಟ ಬೆಲೆಯನ್ನು 2015ರ ಬೆಲೆ ನಿಯಂತ್ರಣ ಆದೇಶದಡಿ ಕೇಂದ್ರ ಸರ್ಕಾರ ಪ್ರಕಟಿಸುತ್ತದೆ. ರೈತನಿಗೆ ಸಿಗುವ ಖರೀದಿ ದರ, ಅವನು ಎಕರೆಗೆ ಹಾಕುವ ಕೂಲಿ, ಮೇಸ್ತ್ರಿಯ ಮುಂಗಡದ ಚೀಟಿ ಇವನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಮಕ್ಕಳ ಕೂಲಿ ಯಾಕೆ ಅಷ್ಟು ಕಡಿಮೆ ಎಂಬುದು ನಿರೂಪಣೆಯಿಲ್ಲದೆ ತಿಳಿಯುತ್ತದೆ. ಬರೀ ರೈತನನ್ನು ಖಳನಾಯಕ ಮಾಡುವ ಚಿತ್ರಗಳು ಮೇಲಿನವರನ್ನು ಸುಮ್ಮನೆ ಬಿಟ್ಟುಬಿಡುತ್ತವೆ.

ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಅದೇ ದಿನ ಎರಡು ಎನ್‌ಕ್ರಿಪ್ಟೆಡ್ ಡಿಸ್ಕ್‌ಗಳಿಗೆ ನಕಲು. ಒಂದು ತಂಡದ ಬಳಿ, ಇನ್ನೊಂದು ಬೇರೆ ಊರಿನಲ್ಲಿ. ಫೈಲುಗಳಿಗೆ ಮಗುವಿನ ಹೆಸರಿಡದೆ ಸಂಕೇತ ಕೊಡಿ, ಹೆಸರಿನ ಪಟ್ಟಿ ಕಾಗದದಲ್ಲಿ ಬೇರೆ ಕಡೆ ಇರಲಿ. ಮೊಬೈಲ್‌ನಲ್ಲಿ ತೆಗೆದ ತುಣುಕಿನೊಳಗೆ ಜಿಪಿಎಸ್ (ತೆಗೆದ ಜಾಗದ ಗುರುತು) ಅಡಗಿರಬಹುದು, ಫೈಲಿನೊಳಗಿನ ಮಾಹಿತಿ ಅಳಿಸುವ ಸಾಫ್ಟ್‌ವೇರ್ ಆದ ಎಕ್ಸಿಫ್‌ಟೂಲ್‌ನಿಂದ ಅಳಿಸಬೇಕು. ಯೂಟ್ಯೂಬ್‌ಗೆ ಹಾಕುವಾಗ ಥಂಬ್‌ನೇಲ್ ನೀವೇ ಮಾಡಿ, ಅದು ತಾನಾಗಿ ಆರಿಸುವ ಫ್ರೇಮ್ ಯಾವುದೆಂದು ಹೇಳಲಾಗದು. ಕಾಮೆಂಟ್ ಮುಚ್ಚಿಡಿ. ‘ಇದು ಇಂಥವರ ಮಗಳು’ ಎಂದು ಯಾರಾದರೂ ಒಬ್ಬರು ಅಲ್ಲಿ ಬರೆದರೆ ಅಷ್ಟೂ ಎಚ್ಚರಿಕೆ ನೀರುಪಾಲು.