ಹೆಡ್ ಮಾಸ್ತರ ರೊಟ್ಟಿ ಬಡಿಯಲು ಕೂತದ್ದು: ನನ್ನ ಅನುಭವ

ಈಗ ನಮ್ಮ ಮನೆಯಿಂದ ದಿನಕ್ಕೆ ಹೆಚ್ಚುಕಡಿಮೆ 600 ಖಡಕ್ ರೊಟ್ಟಿ ಹೊರಗೆ ಹೋಗುತ್ತವೆ. ಅದರಲ್ಲಿ 100, 120 ನನ್ನ ಕೈಯಿಂದಲೇ ಬಡಿದವು. ನನಗೆ 66 ವರ್ಷ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ 2022ರಲ್ಲಿ ರೊಟ್ಟಿ ಬಡಿಯುವುದನ್ನು ಕಲಿಯುತ್ತೇನೆ ಅಂದಾಗ ಗೋಳಗುಮ್ಮಟದ ಕಡೆ ಸಂಜೆ ವಾಕಿಂಗಿಗೆ ಬರುವ ಗೆಳೆಯರಲ್ಲಿ ಒಬ್ಬರೂ ನಂಬಲಿಲ್ಲ. "ಯಾಕ್ರಿ ಸರ, ಪಿನ್ಶನ್ ಸಾಲಂಗಿಲ್ಲೇನ?" ಅಂದರು ಒಬ್ಬರು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ಮಂದಿ ಏನಂದಾರು?" ಅಂದ. ಮಂದಿಯ ಮಾತು ಹಾಗಿರಲಿ, ನನಗೇ ನಂಬಿಕೆ ಇರಲಿಲ್ಲ.

ರೊಟ್ಟಿ ಮಾಡುವುದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಎಸರಿಡುವುದು, ನಾದುವುದು, ಬಡಿಯುವುದು ಇದನ್ನು ಓದುವ ಯಾರಿಗೂ ಹೊಸದಲ್ಲ. 33 ವರ್ಷ 'ಸರ್' ಆಗಿದ್ದವನು ಒಲೆಯ ಮುಂದೆ ಹೇಗೆ ಬಂದು ಕೂತೆ, ಕೂಡುವ ಮೊದಲು ಎಷ್ಟು ದುಡ್ಡು ಕಳಕೊಂಡೆ, ಅಷ್ಟನ್ನು ಹೇಳುತ್ತೇನೆ.

2019ರ ಮೇ 31ಕ್ಕೆ ಹೈಸ್ಕೂಲು ಹೆಡ್ ಮಾಸ್ತರನಾಗಿ ನಿವೃತ್ತನಾದೆ. ಹೇಳುತ್ತಿದ್ದದ್ದು ಗಣಿತ, ವಿಜ್ಞಾನ. ಹೆಂಡತಿ ಹಿಂದಿನ ವರ್ಷವೇ ತೀರಿಕೊಂಡಿದ್ದಳು. ನಿವೃತ್ತಿಯ ಮರುವಾರವೇ ಗೇಟಿಗೆ ಗ್ರಾನೈಟಿನ ಬೋರ್ಡು ಹಾಕಿಸಿದೆ: ಹೆಸರು, ಅದರ ಕೆಳಗೆ 'ನಿವೃತ್ತ ಮುಖ್ಯೋಪಾಧ್ಯಾಯರು'. ಅದಕ್ಕೆ 1,200 ರೂಪಾಯಿ ಆಗಿತ್ತು. ಆ ಎರಡನೇ ಸಾಲು ಇಲ್ಲದಿದ್ದರೆ ಮನೆಯೊಳಗೆ ಇರುವವನು ಯಾರು ಅಂತ ನನಗೇ ಗೊತ್ತಾಗುವುದಿಲ್ಲ ಅನ್ನುವ ಭಯ ಇತ್ತು.

ಮೊದಲು ಮಾಡಿದ್ದು ಟ್ಯೂಷನ್. ತಿಂಗಳಿಗೆ 4,000 ಬಾಡಿಗೆಯ ಕೋಣೆ, 22,000 ಕೊಟ್ಟು ಬೆಂಚು, ಒಂದು ಹಸಿರು ಹಲಗೆ. ಬಂದವರು 9 ಮಕ್ಕಳು. ಪಕ್ಕದ ಓಣಿಯಲ್ಲಿ 25 ವರ್ಷದ ಹುಡುಗನೊಬ್ಬ ಅದೇ ಪಾಠ ಹೇಳುತ್ತಿದ್ದ, ಅವನ ಹತ್ತಿರ 60 ಮಕ್ಕಳು. ಅವನು ಚೆನ್ನಾಗಿಯೇ ಹೇಳುತ್ತಿದ್ದ, ಅದೇ ನನ್ನನ್ನು ಹೆಚ್ಚು ಸುಟ್ಟಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಕೋಣೆ ಬಿಡುವ ಹೊತ್ತಿಗೆ ಸುಮಾರು 60,000 ಹೋಗಿತ್ತು.

ಎರಡನೆಯದು ಮಷಿನು. 2021ರಲ್ಲಿ, ನಿವೃತ್ತಿಯ ಗಂಟಿನಲ್ಲಿ 1 ಲಕ್ಷ 60 ಸಾವಿರ ತೆಗೆದು, ಬೇರೆ ಊರಿನ ಒಬ್ಬರ ಹತ್ತಿರ ರೊಟ್ಟಿ ಒತ್ತುವ ಮಷಿನು ತಂದೆ. ಗಂಟೆಗೆ 300 ರೊಟ್ಟಿ ಅಂದಿದ್ದರು. 300 ಬಂದವು ಹೌದು, ಆದರೆ ಅಂಚೆಲ್ಲ ಸೀಳು. ಗೋದಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ಕುದಿಯುವ ಎಸರಿಗೆ ಹಿಟ್ಟಿನ ಪಿಷ್ಟ ಬೆಂದು, ಆಮೇಲೆ ಕೈ ಗಟ್ಟಿಯಾಗಿ ನಾದಿದರೆ ಮಾತ್ರ ಜಿಗಿ, ಅಂದರೆ ಅಂಟು, ಬರುತ್ತದೆ. ಇದನ್ನು ಮಷಿನಿನವರಿಗೆ ಫೋನು ಮಾಡಿ ಹೇಳಿದೆ. "ಸ್ವಲ್ಪ ಗೋದಿ ಹಿಟ್ಟು ಕಲಸ್ರಿ" ಅಂದರು. ಬಿಜಾಪುರದ ಮಂದಿಗೆ ಗೋದಿ ಕಲಸಿದ ಜೋಳದ ರೊಟ್ಟಿ! ಬೆರಳಲ್ಲಿ ಮುರಿಯುವಾಗಲೇ ಗೊತ್ತಾಗುತ್ತದೆ ಇಲ್ಲಿಯವರಿಗೆ. ಎಂಟು ತಿಂಗಳು ಮೂಲೆಯಲ್ಲಿ ನಿಂತ ಮಷಿನನ್ನು 65,000ಕ್ಕೆ ಮಾರಿದೆ.

ಮಷಿನು ಯಾಕೆ ತಂದೆ ಅಂತ ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ರೊಟ್ಟಿಯ ಧಂದೆ ಬೇಕಿತ್ತು, ಆದರೆ ರೊಟ್ಟಿ ಬಡಿಯುವವನು ಆಗುವುದು ಬೇಕಿರಲಿಲ್ಲ. ನಿಂತು ನೋಡಿಕೊಳ್ಳುವವನಾಗಬೇಕಿತ್ತು. ಅಂದರೆ ಮತ್ತೆ ಹೆಡ್ ಮಾಸ್ತರನೇ. ಆ ಕುರ್ಚಿಗೆ ನಾನು ತೆತ್ತ ಬೆಲೆ 95,000.

ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಹೆಣ್ಣುಮಗಳು ಒಬ್ಬಳಿದ್ದಾಳೆ. ನನಗಿಂತ 14, 15 ವರ್ಷ ಸಣ್ಣವಳು. ಶಾಲೆಯಲ್ಲಿ ಅಕ್ಕಿಯ ಲೆಕ್ಕ ಕೊಡಲು ನನ್ನ ಕೋಣೆಗೆ ಬಂದರೆ ಬಾಗಿಲಲ್ಲೇ ನಿಲ್ಲುತ್ತಿದ್ದಳು. ಒಳಗೆ ಬಾ, ಕೂಡು ಅಂತ ನಾನು ಒಂದು ದಿನವೂ ಅಂದಿರಲಿಲ್ಲ. ಅವಳ ಖಡಕ್ ರೊಟ್ಟಿ ಬೆಳಕಿಗೆ ಹಿಡಿದರೆ ಆಚೆಯ ಬೆರಳು ನೆರಳಾಗಿ ಕಾಣುತ್ತದೆ, ಅಷ್ಟು ತೆಳು. ಮಷಿನು ಮಾರಿದ ಮೇಲೆ ಅವಳ ಮನೆಗೆ ಹೋಗಿ ಕಲಿಸು ಅಂದೆ. ಕುರ್ಚಿ ತಂದಿಟ್ಟಳು. ನಾನು ಕುರ್ಚಿಯಲ್ಲಿ, ಅವಳು ಒಲೆಯ ಮುಂದೆ ನೆಲದ ಮೇಲೆ. ಒಂದು ವಾರ ಹಾಗೆಯೇ ನಡೆಯಿತು. ನಾನು ತಕ್ಕಡಿ ಒಯ್ದಿದ್ದೆ, ಥರ್ಮಾಮೀಟರ್ ಒಯ್ದಿದ್ದೆ. ಎಸರು ಎಷ್ಟು ಡಿಗ್ರಿ, ಉಂಡಿ ಎಷ್ಟು ಗ್ರಾಂ ಅಂತ ಬರೆದುಕೊಂಡೆ. ನನ್ನ ರೊಟ್ಟಿ ಒಂದೂ ತವೆಗೆ ಮುಟ್ಟಲಿಲ್ಲ, ಎತ್ತುವಾಗಲೇ ಹರಿಯುತ್ತಿತ್ತು.

ಎಂಟನೆಯ ದಿನ ಅವಳೇ ಹೇಳಿದಳು: "ಸರ, ಸಿಟ್ಟಾಗಬ್ಯಾಡ್ರಿ. ನೀವು ಕುರ್ಚಿ ಮ್ಯಾಲ ಕುಂತ್ರ ನನಗ ಬೈಲಿಕ್ಕ ಬಾಯಿ ಬರಂಗಿಲ್ಲ. ಬೈದ ಹೊರತು ರೊಟ್ಟಿ ಬರಂಗಿಲ್ಲ."

ಕೆಳಗೆ ಕೂತೆ. ಮೊಣಕಾಲು ನೋಯುತ್ತಿತ್ತು, ಒಂದು ಗೋಣಿಚೀಲ ಮಡಚಿ ಹಾಕಿಕೊಂಡೆ. ಅವಳು ನನ್ನ ಕೈ ನೋಡಿ, "ವಾಚ್ ತೆಗೀರಿ ಮೊದಲ" ಅಂದಳು. ಕೆಲಸಕ್ಕೆ ಸೇರಿದಂದಿನಿಂದ ನಿದ್ದೆಯಲ್ಲಿ ಬಿಟ್ಟರೆ ತೆಗೆಯದ ವಾಚು. ಬೆಲ್ಲು ಹೊಡೆಸುವವನು ನಾನೇ ಆಗಿದ್ದೆನಲ್ಲ. ತೆಗೆದರೆ ಮಣಿಕಟ್ಟಿನ ಮೇಲೆ ಬೆಳ್ಳಗಿನ ಪಟ್ಟಿ. ಬೆಲ್ಟಿನ ಸಂದಿಯಲ್ಲಿ ವಾರದಿಂದ ಒಣಗಿದ ಹಿಟ್ಟು ಕೂತಿತ್ತು. ಅಂಗೈಯ ಬುಡದಿಂದ ನಾದಬೇಕಾದಲ್ಲಿ, ವಾಚಿಗೆ ತಾಗೀತು ಅಂತ ನಾನು ಬೆರಳಿನಿಂದ ನಾದುತ್ತಿದ್ದೆ. ಜಿಗಿ ಎಲ್ಲಿಂದ ಬರಬೇಕು? ಆ ದಿನ ಮೊದಲ ರೊಟ್ಟಿ ಹರಿಯದೆ ತವೆಗೆ ಬಿತ್ತು. ಉಬ್ಬಲಿಲ್ಲ, ಆದರೆ ಬಿತ್ತು.

ಅವತ್ತಿನಿಂದ ಅವಳನ್ನು 'ಅಕ್ಕೋರ' ಅಂತ ಕರೆಯುತ್ತೇನೆ. ಹೊರಗಿನವರಿಗೆ ತಿಳಿಯಲೆಂದು ಹೇಳುತ್ತೇನೆ, ನಮ್ಮ ಕಡೆ ಕನ್ನಡ ಸಾಲಿಯ ಹೆಣ್ಣು ಟೀಚರಿಗೆ ಅನ್ನುವ ಮಾತು ಅದು. ಮೊದಲ ಸಲ ಅಂದಾಗ ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. ಎರಡು ತಿಂಗಳ ಮೇಲೆ ಅವರೂ 'ಸರ' ಬಿಟ್ಟು 'ಕಾಕಾ' ಅನ್ನತೊಡಗಿದರು.

ಈಗ ನನ್ನ ವಹಿಯ, ಅಂದರೆ ಲೆಕ್ಕ ಬರೆಯುವ ನೋಟ್‌ಬುಕ್ಕಿನ, ಮಾತು. ಇದು ಉಪಯೋಗಕ್ಕೆ ಬಂದ ರೀತಿಗೆ ನನಗೇ ಆಶ್ಚರ್ಯ. 'ನನ್ನಿಂದ ಆದೀತೋ ಇಲ್ಲೋ' ಅನ್ನುವುದು ರಾತ್ರಿ ಹನ್ನೊಂದಕ್ಕೆ ಬರುತ್ತಿತ್ತು, ತಪ್ಪದೆ. ಧೈರ್ಯ ತಂದುಕೊಳ್ಳಲು ನೋಡಿದೆ, ಪ್ರವಚನ ಕೇಳಿದೆ, ಪ್ರಾಣಾಯಾಮ ಮಾಡಿದೆ, ಹೋಗಲಿಲ್ಲ. ಆಮೇಲೆ ದಿನಾ ಎರಡೇ ಅಂಕಿ ಬರೆದೆ: ಬಡಿದದ್ದು ಎಷ್ಟು, ಹರಿದದ್ದು ಎಷ್ಟು. ಮೊದಲ ತಿಂಗಳು 20ಕ್ಕೆ 14, 15 ಹರಿದಿವೆ. ಎರಡನೇ ತಿಂಗಳು 30ಕ್ಕೆ 12ರ ಸುಮಾರು. ನಾಲ್ಕನೆಯ ತಿಂಗಳಲ್ಲಿ 50ಕ್ಕೆ 4. ರಾತ್ರಿ ಆ ಪ್ರಶ್ನೆ ಬಂದರೆ ಲೈಟು ಹಾಕಿ ವಹಿ ತೆಗೆಯುತ್ತಿದ್ದೆ. ಉತ್ತರ ಅಲ್ಲಿ ಪೆನ್ನಿನಲ್ಲಿ ಇರುತ್ತಿತ್ತು. ಹಳೆಯದನ್ನೆಲ್ಲ ಬಿಡಬೇಕಾಗಿಲ್ಲ ಅಂತ ತಿಳಿದದ್ದು ಆಗ: ಕುರ್ಚಿ ಬಿಟ್ಟೆ, ಥರ್ಮಾಮೀಟರ್ ಬಿಟ್ಟೆ, ವಹಿ ಬರೆಯುವ ಕೈ ಉಳಿಯಿತು. ಹಿಟ್ಟು ಬೀಸಿಸಿ ಎಷ್ಟು ದಿನಕ್ಕೆ ಜಿಗಿ ಕಡಿಮೆಯಾಗುತ್ತದೆ ಅನ್ನುವುದೂ ಆ ವಹಿಯಲ್ಲೇ ಸಿಕ್ಕಿತು. ಈಗ ನಾಲ್ಕು ದಿನದ ಮೇಲಿನ ಹಿಟ್ಟನ್ನು ಮುಟ್ಟುವುದಿಲ್ಲ, ಗಿರಣಿಗೆ ವಾರಕ್ಕೆ ಎರಡು ಸಲ ಹೋಗುತ್ತೇನೆ. ಅಕ್ಕೋರು ಇದನ್ನು ಒಪ್ಪಿಕೊಂಡು ತಮ್ಮ ಮನೆಯಲ್ಲೂ ಹಾಗೇ ಮಾಡುತ್ತಾರೆ.

ಬಸವ ಜಯಂತಿಗೆ ಶಾಲೆಯಲ್ಲಿ ಪ್ರತಿ ವರ್ಷ ಭಾಷಣ ಮಾಡುತ್ತಿದ್ದವನು ನಾನು. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯದೇ. ಕಾಶ್ಮೀರದ ಅರಸನಾಗಿದ್ದವನು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರುವ ಮೋಳಿಗೆ ಮಾರಯ್ಯನಾದ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ. ಆ ಶರಣರಲ್ಲಿ ಎಷ್ಟೋ ಮಂದಿಯ ಹೆಸರಿನ ಮುಂದೆ ಇರುವುದು ಅವರು ಮಾಡುತ್ತಿದ್ದ ಕೆಲಸ: ಮಡಿವಾಳ, ಅಂಬಿಗರ, ನುಲಿಯ. ಮಾರಯ್ಯನ ಹೆಸರಲ್ಲಿ ಅರಸುತನ ಉಳಿಯಲಿಲ್ಲ, ಕಟ್ಟಿಗೆಯ ಹೊರೆ ಉಳಿಯಿತು. ಮೊದಲ ಸಲ 40 ರೊಟ್ಟಿಯ ಕಟ್ಟು ಹಿಡಿದು ಅಂಗಡಿಯ ಮುಂದೆ ನಿಂತಾಗ, ಗಲ್ಲೆಯ ಮೇಲೆ ಕೂತಿದ್ದ ನನ್ನ ಹಳೆಯ ವಿದ್ಯಾರ್ಥಿ ಎದ್ದು ನಿಂತು, "ಸರ, ಏನ್ ಬೇಕಾಗಿತ್ರಿ?" ಅಂದ. ಬೇಕಾಗಿಲ್ಲ, ಕೊಡಲು ಬಂದಿದ್ದೇನೆ ಅನ್ನಲು ನಾಲಿಗೆ ಏಳಲಿಲ್ಲ. ಒಂದು ಕಿಲೋ ಸಕ್ಕರೆ ಕೊಂಡು ರೊಟ್ಟಿ ಸಮೇತ ಮನೆಗೆ ಬಂದೆ. ಮರುದಿನ ಮತ್ತೆ ಹೋದೆ. ಮಾರಯ್ಯ ಮೊದಲ ಹೊರೆಯನ್ನು ಯಾರ ಮನೆಯ ಮುಂದೆ ಇಳಿಸಿದನೋ, ಏನಂದನೋ ಅಂತ ದಾರಿಯುದ್ದಕ್ಕೂ ಯೋಚಿಸಿದೆ.

ದೊಡ್ಡ ಪೆಟ್ಟು ಬಿದ್ದದ್ದು ಆ ವರ್ಷದ ಎಳ್ಳ ಅಮಾವಾಸ್ಯೆಗೆ. ಹೊಲಕ್ಕೆ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲಲು ಹೋಗುವವರಿಗೆ, ಪುಣೆಯಿಂದ ಊರಿಗೆ ಬಂದು ಹೋಗುವವರಿಗೆ ಸೇರಿ 1,000 ರೊಟ್ಟಿಯ ಆರ್ಡರು. ಅವಸರದಲ್ಲಿ ಕೊನೆಯ ನಾಲ್ಕೈದು ನೂರನ್ನು ಪೂರಾ ಆರುವ ಮೊದಲೇ ಪ್ಲಾಸ್ಟಿಕ್ಕಿಗೆ ಹಾಕಿ ಸೀಲು ಮಾಡಿದೆ. ಅಕ್ಕೋರು ಬೇಡ ಅಂದಿದ್ದರು, ನಾನು ಕೇಳಲಿಲ್ಲ. ವಾರದೊಳಗೆ ಫೋನು: ಬೂಷ್ಟು ಬಂದೈತ್ರಿ. ಆ ರಾತ್ರಿ ವಹಿ ತೆಗೆಯಲಿಲ್ಲ. ಇದು ನನ್ನ ಕೆಲಸ ಅಲ್ಲ, ಮಗ ಹೇಳಿದ್ದೇ ಸರಿ, ಬಿಟ್ಟುಬಿಡುತ್ತೇನೆ ಅಂತ ನಿರ್ಧಾರವೇ ಮಾಡಿದ್ದೆ.

ಬೆಳಿಗ್ಗೆ ಎದ್ದು ಆರ್ಡರು ಕೊಟ್ಟವರ ಮನೆಮನೆಗೆ ಹೋದೆ, 17 ಮನೆ. ದುಡ್ಡು ವಾಪಸು ಕೊಟ್ಟು, "ನಂದ ತಪ್ಪಾತು, ಆರಿಸಲಿಲ್ಲ" ಅಂದೆ. 33 ವರ್ಷದಲ್ಲಿ ಈ ಮಾತನ್ನು ಒಬ್ಬರ ಮುಂದೆಯೂ ಅಂದವನಲ್ಲ, ತಪ್ಪು ಮಾಡಿರಲಿಲ್ಲ ಅಂತಲ್ಲ. ಮೊದಲ ಮನೆಯಲ್ಲಿ ಗಂಟಲು ಕಟ್ಟಿತು. ಐದನೆಯ ಮನೆಯ ಹೊತ್ತಿಗೆ ಸಲೀಸಾಯಿತು. ಸುಮಾರು 3,000 ಹೋಯಿತು. ಆ 17 ಮನೆಗಳಲ್ಲಿ 14 ಈಗಲೂ ನನ್ನ ಗಿರಾಕಿಗಳು. ರಾತ್ರಿ ಹನ್ನೊಂದರ ಪ್ರಶ್ನೆ ಅಲ್ಲಿಂದ ಮುಂದೆ ಕಡಿಮೆಯಾಗುತ್ತ ಬಂತು.

ನಡುವೆ ಬೇರೆ ಏನೇನೋ ಮಾಡಿ ನೋಡಿದ್ದೇನೆ. ಬೀಟ್‌ರೂಟ್ ರೊಟ್ಟಿ: ಬಣ್ಣ ಚೆಂದ, ಮೂರನೇ ದಿನಕ್ಕೆ ಮೆತ್ತಗೆ. ಮೆಂತ್ಯ ಸೊಪ್ಪಿನದೂ ಅದೇ ಪಾಡು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಬಹಳ ಹೋಗುತ್ತದೆ. ನಮ್ಮ ಜಿಲ್ಲೆಯ ಇಂಡಿ ಊರಿನ ಲಿಂಬೆಹಣ್ಣಿನ ಉಪ್ಪಿನಕಾಯಿಯನ್ನು ಜೊತೆಗೆ ಕೊಡಲು ನೋಡಿದೆ, ಬರಣಿಯ ಖರ್ಚೇ ಮೇಲಾಯಿತು. ರೊಟ್ಟಿಗೆ ಸಂಬಂಧವಿಲ್ಲದ ಒಂದು ಪ್ರಯೋಗವೂ ನಡೆಯಿತು: ಒಂದು ತಿಂಗಳು ಯಾರ ಮುಂದೆಯೂ 'ನಾನು ಹೆಡ್ ಮಾಸ್ತರ ಇದ್ದಾಗ' ಅನ್ನಬಾರದು ಅಂತ ವ್ರತ ಹಿಡಿದೆ. ಮೊದಲ ದಿನವೇ ಐದಾರು ಸಲ ಬಾಯಿತನಕ ಬಂದು ನುಂಗಿದೆ. ಊರೇ 2014ರಲ್ಲಿ ವಿಜಯಪುರ ಅಂತ ಹೆಸರು ಬದಲಿಸಿಕೊಂಡಿತು, ಆದರೂ ನಮ್ಮ ಬಾಯಲ್ಲಿ ಇನ್ನೂ ಬಿಜಾಪುರವೇ ಬರುತ್ತದೆ. ಹಾಗಾಗಿ ನುಂಗಲಾಗದ ದಿನ ಬೇಸರ ಮಾಡಿಕೊಳ್ಳಲಿಲ್ಲ.

ಲೆಕ್ಕ ಕೇಳುವವರಿದ್ದಾರೆ, ನೆನಪಿದ್ದಷ್ಟು ಹೇಳುತ್ತೇನೆ. ಅಕ್ಕೋರು ಮತ್ತು ಇನ್ನಿಬ್ಬರು ಹೆಣ್ಣುಮಕ್ಕಳಿಗೆ ತಲಾ ದಿನಕ್ಕೆ 350ರಿಂದ 400 ರೂಪಾಯಿ ಕೂಲಿ. ಒಂದು ಕಿಲೋ ಹಿಟ್ಟಿಗೆ 15, 16 ರೊಟ್ಟಿ. ಬಿಳಿ ಮಾಲದಂಡಿ ಜೋಳ ಬಿಟ್ಟು ಬೇರೆ ತರುವುದಿಲ್ಲ, ಡೋಣಿ ಹೊಳೆಯ ದಂಡೆಯ ಕರಿನೆಲದ ಹಿಂಗಾರಿ ಜೋಳವಾದರೆ ಇನ್ನೂ ಒಳ್ಳೆಯದು. 'ಡೋಣಿ ಹರಿದರೆ ಓಣೆಲ್ಲ ಜೋಳ' ಅಂತ ಹಿರಿಯರು ಸುಮ್ಮನೆ ಅಂದಿಲ್ಲ. ಕಾಳು ಕ್ವಿಂಟಲಿಗೆ 5,000ದ ಆಚೀಚೆ ಇದ್ದರೆ ಧಂದೆ ನಡೆಯುತ್ತದೆ, 6,000 ದಾಟಿದರೆ ಕೈಗೆ ಏನೂ ಉಳಿಯುವುದಿಲ್ಲ. ಅಂಗಡಿಗೆ 7, ಮನೆಗೆ ಬಂದು ಒಯ್ಯುವವರಿಗೆ 8 ರೂಪಾಯಿ. ಗ್ಯಾಸು, ಗಿರಣಿ, ಪ್ಯಾಕಿಂಗು ಕಳೆದು ತಿಂಗಳಿಗೆ 12ರಿಂದ 15 ಸಾವಿರ ಉಳಿಯುತ್ತದೆ. ಎಫ್‌ಎಸ್‌ಎಸ್‌ಎಐ (ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ನಾನು ಮಾಡಿಸಿದಾಗ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಅಷ್ಟೇ ಇತ್ತು, ಹೆದರಬೇಡಿ. ಆ ಅರ್ಜಿಯಲ್ಲಿ ಏನು ಕೆಲಸ ಅಂತ ಕೇಳಿದಾಗ 'ರೊಟ್ಟಿ ತಯಾರಿಕೆ' ಅಂತ ಬರೆಸಿ ಮನೆಗೆ ಬಂದೆ. ಅವತ್ತೇ ಸಂಜೆ ಗೇಟಿನ ಗ್ರಾನೈಟು ಬಿಚ್ಚಿಸಿದೆ.

ನನ್ನ ರೊಟ್ಟಿ ಒಂದೂವರೆ ತಿಂಗಳಾದರೂ ಬಾಗುವುದಿಲ್ಲ, ಬಸ್ಸಿನಲ್ಲಿ ಪುಣೆ ಮುಟ್ಟಿದರೂ ಅಂಚು ಮುರಿಯುವುದಿಲ್ಲ. ಎಸರಿಗೆ ಏನು ಹಾಕುತ್ತೇನೆ, ತವೆಯಿಂದ ತೆಗೆದ ಮೇಲೆ ಹೇಗೆ ನಿಲ್ಲಿಸುತ್ತೇನೆ ಅನ್ನುವ ಎರಡು ಸಂಗತಿ ಮಾತ್ರ ಕೇಳಬೇಡಿ. ಅವು ಅಕ್ಕೋರ ಮನೆತನದ್ದು, ಹೇಳುವ ಹಕ್ಕು ನನ್ನದಲ್ಲ.

ಹೋದ ತಿಂಗಳು ವಾಕಿಂಗಿನ ಗೆಳೆಯರಲ್ಲೇ ಒಬ್ಬರು, ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು, ಕಲಿಯುತ್ತೇನೆ ಅಂತ ಬಂದರು. ಪಿನ್ಶನ್ ಸಾಲಂಗಿಲ್ಲೇನ ಅಂದಿದ್ದವರು ಅವರೇ. ಗೋಣಿಚೀಲ ಮಡಚಿ ಹಾಕಿದೆ, ವಾಚು ಬಿಚ್ಚಿಸಿದೆ. ಅಕ್ಕೋರು ಮೊದಲ ದಿನವೇ ಬೈದರು. 18 ಬಡಿದರು, 16 ಹರಿದವು. ಹೊಸ ವಹಿ ಕೊಟ್ಟು ಅವರ ಕೈಯಲ್ಲೇ ಬರೆಸಿದ್ದೇನೆ.